ಡಿಜಿಟಲ್ ಪೆನ್ನಿನ ಕರಡುಚಿತ್ರದಲ್ಲಿ ಗೀರುಗಳ ಕ್ರಮ: ಒಂದು ಟಿಪ್ಪಣಿ

1. ಪ್ರಶ್ನೆ

ವಿನ್ಯಾಸದ ತರಗತಿಯಲ್ಲಿ ಕೈಯಿಂದ ಬಿಡಿಸುವ ಕರಡುಚಿತ್ರಕ್ಕೆ ಡಿಜಿಟಲ್ ಪೆನ್ ಬಳಸಿದರೆ, ಸಾದಾ ಕಾಗದದಲ್ಲಿ ಉಳಿಯದ ಯಾವ ಅಂಶ ಉಳಿಯುತ್ತದೆ? ಈ ಟಿಪ್ಪಣಿಯ ವ್ಯಾಪ್ತಿ ಇಷ್ಟೇ. ಗೀರುಗಳ ಅನುಕ್ರಮ ಮತ್ತು ಕಾಲವೇ ಆ ಅಂಶ, ಬೋಧನೆಗೆ ಅದೇ ಹೆಚ್ಚು ಉಪಯುಕ್ತ ಎಂಬುದು ಇಲ್ಲಿನ ಸೀಮಿತ ಪ್ರತಿಪಾದನೆ. ಮೊನೆ ತಾಗಿದ ಕ್ಷಣದಿಂದ ಮೇಲೇಳುವವರೆಗಿನ ಬಿಂದುಗಳ ಸರಣಿಯನ್ನು ಇಲ್ಲಿ ಗೀರು ಎಂದು ಕರೆಯಲಾಗಿದೆ.

2. ಆರಂಭದ ತೇದಿಗಳು

ಪೆನ್ನಿನ ಚಲನೆಯನ್ನು ವಿದ್ಯುತ್ ಸಂಕೇತವಾಗಿಸಿ ದೂರದಲ್ಲಿ ಮರುಬರೆಸುವ ಟೆಲಾಟೋಗ್ರಾಫಿಗೆ ಎಲಿಷಾ ಗ್ರೇ ಪೇಟೆಂಟ್ ಪಡೆದದ್ದು 1888ರಲ್ಲಿ. ಅದು ಚಲನೆಯನ್ನು ರವಾನಿಸುತ್ತಿತ್ತು, ಸಂಖ್ಯೆಗಳಾಗಿ ಕೂಡಿಡುತ್ತಿರಲಿಲ್ಲ. ಹಾಗಾಗಿ ಅದನ್ನು ಪೂರ್ವರೂಪ ಎನ್ನಬಹುದು, ಮೊದಲ ಡಿಜಿಟಲ್ ಪೆನ್ ಎನ್ನಲಾಗದು.

ಐವನ್ ಸದರ್ಲೆಂಡ್ ಅವರ ಸ್ಕೆಚ್‌ಪ್ಯಾಡಿಗೆ 1962 ಮತ್ತು 1963 ಎರಡೂ ವರ್ಷಗಳು ಉಲ್ಲೇಖಗಳಲ್ಲಿ ಸಿಗುತ್ತವೆ. ಎಂಐಟಿಯ ಪಿಎಚ್‌.ಡಿ. ಪ್ರಬಂಧದ ತೇದಿ ಜನವರಿ 1963. 1962 ಎನ್ನುವವರು ಟಿಎಕ್ಸ್-2 ಯಂತ್ರದ ಮೇಲೆ ಕೆಲಸ ನಡೆದ ಕಾಲವನ್ನು ಹಿಡಿದಿರಬೇಕು. ತೇದಿಗಿಂತ ಮುಖ್ಯವಾದ ವ್ಯತ್ಯಾಸ ಬೇರೆಯಿದೆ. ಅಲ್ಲಿನ ಬೆಳಕಿನ ಪೆನ್ ಪರದೆಯ ಬೆಳಕನ್ನು ಗ್ರಹಿಸಿ ಬಿಂದುವನ್ನು ಸೂಚಿಸುತ್ತಿತ್ತು; ನೇರ ಗೆರೆಯನ್ನಾಗಲಿ ವೃತ್ತಕಂಸವನ್ನಾಗಲಿ ಎಳೆಯುತ್ತಿದ್ದುದು ಯಂತ್ರ. ಕೈಯ ಅಂಕುಡೊಂಕು ಅಲ್ಲಿ ಉಳಿಯುತ್ತಿರಲಿಲ್ಲ. ಕೈಚಿತ್ರದ ಇತಿಹಾಸವನ್ನು ಸ್ಕೆಚ್‌ಪ್ಯಾಡಿನಿಂದ ಆರಂಭಿಸುವುದನ್ನು ಆದ್ದರಿಂದ ಎಚ್ಚರದಿಂದ ಒಪ್ಪಬೇಕು.

ಡೇವಿಸ್ ಮತ್ತು ಎಲ್ಲಿಸ್ ಅವರ ರ‍್ಯಾಂಡ್ ಟ್ಯಾಬ್ಲೆಟ್ ವರದಿ ಆಗಸ್ಟ್ 1964ರದು. ಫಲಕದ ಅಳತೆ 10 ಇಂಚು ಎಂದು ಹಲವೆಡೆ ದುಂಡಾಗಿಸಲಾಗಿದೆ. ಇಂಚಿಗೆ 100 ಗೆರೆಗಳಂತೆ 10.24 ಇಂಚು ಎಂದು ಹಿಡಿದರೆ ಪ್ರತಿ ಅಕ್ಷಕ್ಕೆ 1024 ಸ್ಥಾನ, ಒಟ್ಟು 10,48,576 ಬಿಂದುಗಳು. ಹತ್ತು ಲಕ್ಷ ಎಂಬ ರೂಢಿಯ ಸಂಖ್ಯೆ ಇದರ ಅಂದಾಜು. ಫಲಕದಲ್ಲಿ ಬಳಸಿದ ಗ್ರೇ ಸಂಕೇತಕ್ಕೂ ಎಲಿಷಾ ಗ್ರೇಗೂ ಸಂಬಂಧವಿಲ್ಲ. ಅದು 1953ರ ಪೇಟೆಂಟಿನ ಫ್ರಾಂಕ್ ಗ್ರೇ ಅವರ ಹೆಸರಿನದು.

3. ಚುಕ್ಕಿ ಕಾಗದ

ಸ್ವೀಡನ್ನಿನ ಅನೋಟೊ ಪದ್ಧತಿಯಲ್ಲಿ ಕಾಗದ ಕಾಗದವಾಗಿಯೇ ಉಳಿಯುತ್ತದೆ. ಸುಮಾರು 0.3 ಮಿ.ಮೀ. ಅಂತರದ ಜಾಲದಲ್ಲಿ ಪ್ರತಿ ಚುಕ್ಕಿಯೂ ತನ್ನ ನೆಲೆಯಿಂದ ನಾಲ್ಕು ದಿಕ್ಕುಗಳಲ್ಲೊಂದಕ್ಕೆ ತುಸು ಸರಿದಿರುತ್ತದೆ. 6×6 ಚುಕ್ಕಿಗಳನ್ನು ಕಂಡರೆ ಪೆನ್ನಿನ ಕ್ಯಾಮೆರಾಕ್ಕೆ ಸ್ಥಾನ ತಿಳಿಯುತ್ತದೆ. ಬರಿಯ ಗಣಿತದ ಮೇಲ್ಮಿತಿ 4ರ 36ನೆಯ ಘಾತ, ಅಂದರೆ ಸುಮಾರು 42.5 ಕೋಟಿ ಚದರ ಕಿ.ಮೀ. ಹರಹು. ಪರಿಚಯ ಬರಹಗಳಲ್ಲಿ ಕಾಣುವುದು 6 ಕೋಟಿ. ಎರಡು ಅಕ್ಷಗಳನ್ನು ಬೇರೆಬೇರೆಯಾಗಿ ಬಿಡಿಸಿ ಓದಲು ಅನುವಾಗುವಂತೆ ಜಾಲವನ್ನು ಕಟ್ಟಿರುವುದರಿಂದ ಎಲ್ಲ ಜೋಡಣೆಗಳೂ ಬಳಕೆಗೆ ಬರುವುದಿಲ್ಲ. ಅಂತರದ ಬಹುಭಾಗಕ್ಕೆ ಇದೇ ಕಾರಣವಿರಬಹುದು.

ಚಿತ್ರಕಾರರಿಗೆ ಇನ್ನೊಂದು ಮಿತಿ ಹೆಚ್ಚು ಪ್ರಸ್ತುತ. ಕ್ಯಾಮೆರಾ ಅವಕೆಂಪು ಬೆಳಕಿನಲ್ಲಿ ಓದುತ್ತದೆ. ಚುಕ್ಕಿಗಳು ಇಂಗಾಲಯುಕ್ತ ಶಾಯಿಯವು, ಪೆನ್ನಿನ ಶಾಯಿ ಹಾಗಲ್ಲ. ಗ್ರಾಫೈಟ್ ಅವಕೆಂಪನ್ನು ಹೀರುವುದರಿಂದ, ಮೊದಲು ಪೆನ್ಸಿಲಿನಿಂದ ದಟ್ಟ ಛಾಯೆ ತುಂಬಿದ ಜಾಗದಲ್ಲಿ ಓದು ತಪ್ಪುವ ಸಾಧ್ಯತೆಯಿದೆ. ಪೆನ್ಸಿಲಿನಿಂದ ಆರಂಭಿಸುವ ರೂಢಿಯಿರುವ ತರಗತಿಯಲ್ಲಿ ಇದು ಸಣ್ಣ ವಿಷಯವಲ್ಲ.

ಇದೇ ಪದ್ಧತಿಯನ್ನು 2006ರ ಮಾಡೆಲ್‌ಕ್ರಾಫ್ಟ್ ಪ್ರಯೋಗ ಮೂರು ಆಯಾಮಗಳಿಗೆ ವಿಸ್ತರಿಸಿತು: ಚುಕ್ಕಿ ಮುದ್ರಿಸಿದ ಕಾಗದದ ಮಾದರಿಯ ಮೇಲೆ ಬರೆದ ತಿದ್ದುಪಡಿ ಕಂಪ್ಯೂಟರಿನ ಮಾದರಿಗೆ ಸೇರುತ್ತಿತ್ತು. ವಿನ್ಯಾಸ ಬೋಧನೆಗೆ ಇದು ಇನ್ನಷ್ಟು ಗಮನಕ್ಕೆ ಅರ್ಹ.

4. ಒಂದು ಸಾಕ್ಷ್ಯದ ಮಿತಿ

ಕಂಪ್ಯೂಟರಿಗಿಂತ ಕಾಗದ ಮೇಲು ಎಂಬುದಕ್ಕೆ ವಿನೋದ್ ಗೋಯಲ್ ಅವರ 1995ರ ಕೃತಿಯನ್ನು ಆಧಾರವಾಗಿ ಕೊಡುವುದುಂಟು. ಅವರು ಕೈಚಿತ್ರವನ್ನು ಹೋಲಿಸಿದ್ದು ಮ್ಯಾಕ್‌ಡ್ರಾ ತಂತ್ರಾಂಶದ ಚಿತ್ರದೊಂದಿಗೆ. ಅಲ್ಲಿ ಕೈಯಲ್ಲಿನ ಸಾಧನವೂ ಬದಲು, ಮೂಡುವ ಗೆರೆಯ ಸ್ವರೂಪವೂ ಬದಲು. ಅಸ್ಪಷ್ಟ, ದಟ್ಟ ಗೆರೆಗಳು ಒಂದು ಕಲ್ಪನೆಯಿಂದ ಇನ್ನೊಂದಕ್ಕೆ ಹೊರಳಲು ನೆರವಾಗುತ್ತವೆ ಎಂಬ ಅವರ ವಾದಕ್ಕೆ ಇದರಿಂದ ಧಕ್ಕೆಯಿಲ್ಲ. ಆದರೆ ಡಿಜಿಟಲ್ ಪೆನ್ ಅಂಥ ಗೆರೆಯನ್ನು ಮೂಡಿಸಬಲ್ಲದು. ಆ ಫಲಿತಾಂಶವನ್ನು ನೇರವಾಗಿ ಪೆನ್ನಿಗೆ ಅನ್ವಯಿಸುವುದು ದುಡುಕಾದೀತು.

5. ಕಡತದಲ್ಲಿ ಉಳಿಯುವುದು

ಶಾಯಿಯ ದತ್ತಾಂಶಕ್ಕಾಗಿ ಡಬ್ಲ್ಯು3ಸಿ ಒಪ್ಪಿದ ಇಂಕ್‌ಎಂಎಲ್ ಮಾನಕದ ತೇದಿ 20 ಸೆಪ್ಟೆಂಬರ್ 2011. ಬೆಂಗಳೂರಿನಲ್ಲಿದ್ದ ಎಚ್‌ಪಿ ಲ್ಯಾಬ್ಸ್ ಇಂಡಿಯಾದ ಸಂಶೋಧಕರೂ ಅದರ ರಚನೆಯಲ್ಲಿ ಪಾಲುಗೊಂಡಿದ್ದರು. ಒತ್ತಡ, ಓರೆ, ಕಾಲ ಎಲ್ಲಕ್ಕೂ ಅದರಲ್ಲಿ ಎಡೆಯಿದೆ. ಆದರೆ ಬೇರೇನನ್ನೂ ಸೂಚಿಸದಿದ್ದಲ್ಲಿ ದಾಖಲಾಗುವುದು ಎಕ್ಸ್ ಮತ್ತು ವೈ ಮಾತ್ರ, ಕಾಲ ಐಚ್ಛಿಕ. ಎಸ್‌ವಿಜಿ ಕಡತದಲ್ಲಿ ಗೀರುಗಳ ಮೇಲುಕೆಳಗಿನ ಕ್ರಮ ಉಳಿಯುತ್ತದೆ, ಕಾಲ ಉಳಿಯುವುದಿಲ್ಲ. ಪಿಎನ್‌ಜಿಯಲ್ಲಿ ಎರಡೂ ಇಲ್ಲ. ವಿದ್ಯಾರ್ಥಿ ಒಪ್ಪಿಸುವುದು ಬಹುಪಾಲು ಪಿಎನ್‌ಜಿ ಅಥವಾ ಪಿಡಿಎಫ್ ಆದ್ದರಿಂದ, ಪೆನ್ ಹಿಡಿದಿಟ್ಟದ್ದು ಶಿಕ್ಷಕರ ಕೈಸೇರುವ ಮೊದಲೇ ಕಳೆದುಹೋಗಿರುತ್ತದೆ.

ಒತ್ತಡದ ವಿಷಯದಲ್ಲಿ ಒಂದು ಸ್ಪಷ್ಟೀಕರಣ ಬೇಕು. ವೇಕಮ್ ಕಂಪನಿಯ ಫಲಕಗಳಲ್ಲಿ 2009ರಲ್ಲಿ 2048, 2017ರಲ್ಲಿ 8192 ಒತ್ತಡ ಹಂತಗಳನ್ನು ಘೋಷಿಸಲಾಗಿದೆ. ಇವು ವಿಭಜನೆಯ ಸಂಖ್ಯೆಗಳೇ ಹೊರತು ಬಲದ ಮಾನವಲ್ಲ. ಎರಡು ಸಾಧನಗಳ ಒತ್ತಡದ ಅಂಕಿಗಳನ್ನು ಹಾಗೆಯೇ ಹೋಲಿಸಲಾಗದು.

6. ಬೋಧನೆಯಲ್ಲಿ ಬಳಕೆ

2008ರ ಲೈವ್‌ಸ್ಕ್ರೈಬ್ ಪಲ್ಸ್ ಪೆನ್ನಿನಲ್ಲಿ ಗೀರಿಗೂ ಧ್ವನಿಗೂ ಕಾಲದ ಕೊಂಡಿಯಿತ್ತು. ಗೀರನ್ನು ತಟ್ಟಿದರೆ ಅದನ್ನು ಎಳೆಯುವಾಗಿನ ಮಾತು ಕೇಳಿಸುತ್ತಿತ್ತು. ಕರಡುಚಿತ್ರದ ತಿದ್ದುಪಾಠಕ್ಕೆ ಇದಕ್ಕಿಂತ ನೇರವಾದ ಉಪಾಯ ಅಪರೂಪ. ಯಥಾದರ್ಶನದ ಪೆಟ್ಟಿಗೆಯೊಂದನ್ನು ಬಿಡಿಸಿದ ವಿದ್ಯಾರ್ಥಿ ಮಾಯಬಿಂದುವಿಗೆ ಹೋಗುವ ಸಹಾಯಕ ಗೆರೆಗಳನ್ನು ಮೊದಲು ಎಳೆದನೋ, ಅಂಚುಗಳನ್ನು ಮುಗಿಸಿ ಒಪ್ಪಕ್ಕಾಗಿ ಆಮೇಲೆ ಸೇರಿಸಿದನೋ ಎಂಬುದು ಮುಗಿದ ಹಾಳೆಯಲ್ಲಿ ಕಾಣುವುದು ಕಷ್ಟ. ಗೀರುಗಳನ್ನು ಮರಳಿ ಓಡಿಸಿದರೆ ಕಾಣುತ್ತದೆ. ನಡುವಿನ ವಿರಾಮವನ್ನು ಮಾತ್ರ ಯೋಚನೆಯ ಗುರುತೆಂದು ಓದಬಾರದು. ಅದು ಗೊಂದಲವಿರಬಹುದು, ಮಾತಿರಬಹುದು, ಹಾಳೆ ತಿರುಗಿಸಿದ್ದೂ ಇರಬಹುದು.

ಮೌಲ್ಯಮಾಪನಕ್ಕೆ ಇಂಥ ದಾಖಲೆ ಬಳಸುವುದಾದರೆ ಚಿತ್ರದೊಂದಿಗೆ ಕಾಲವುಳ್ಳ ಮೂಲ ಶಾಯಿ ಕಡತ, ಸಾಧನದ ಹೆಸರು, ಅದು ಸೆಕೆಂಡಿಗೆ ಎಷ್ಟು ಬಾರಿ ಸ್ಥಾನ ಓದುತ್ತದೆ ಎಂಬ ಅಂಕಿ, ಈ ಮೂರನ್ನೂ ಇಡಬೇಕು. ಅಳಿಸಿದ ಗೀರುಗಳು ಕಡತದಲ್ಲಿ ಉಳಿಯುತ್ತವೆಯೋ ಇಲ್ಲವೋ ಎಂಬುದನ್ನು ಪಾಠ ಆರಂಭವಾಗುವ ಮೊದಲೇ ಆಯಾ ತಂತ್ರಾಂಶದಲ್ಲಿ ಪರೀಕ್ಷಿಸಿಕೊಳ್ಳಬೇಕು.