ಡಿಜಿಟಲ್ ಚಲನಚಿತ್ರ ಸೇವೆಗಳು: ಪೈಪೋಟಿ ಮತ್ತು ಸಾಧನ ಹೊಂದಾಣಿಕೆಯ ಇತಿಹಾಸ

ಅಂತರ್ಜಾಲದ ಮೂಲಕ ಚಲನಚಿತ್ರಗಳನ್ನು ಮಾರುವ, ಬಾಡಿಗೆಗೆ ಕೊಡುವ ಅಥವಾ ಚಂದಾ ಪಡೆದು ತೋರಿಸುವ ಸೇವೆಗಳ ಇತಿಹಾಸವನ್ನು ಬ್ರಾಡ್‌ಬ್ಯಾಂಡ್ ವೇಗ ಏರಿದ, ದರ ಇಳಿದ, ಡಿವಿಡಿ ಅಂಗಡಿಗಳು ಬಾಗಿಲು ಹಾಕಿದ ಕಥೆಯಾಗಿ ಹೇಳುವುದು ರೂಢಿ. ದುಡ್ಡು ಕೊಟ್ಟು ಪಡೆದ ಚಿತ್ರ ಯಾವ ಸಾಧನದಲ್ಲಿ ಓಡುತ್ತದೆ, ಯಾವುದರಲ್ಲಿ ಓಡುವುದಿಲ್ಲ ಎಂಬ ವಿಷಯಕ್ಕೆ ಆ ಕಥೆಯಲ್ಲಿ ಸಿಗುವುದು ಒಂದೆರಡು ಸಾಲು. ಅದನ್ನೂ ತಂತ್ರಜ್ಞಾನ ಬಲಿಯದ ಕಾಲದ ತೊಡಕೆಂದು ಬರೆದು ಮುಂದೆ ಸಾಗುತ್ತಾರೆ. ದಾಖಲೆಗಳನ್ನು ಒಟ್ಟಿಗಿಟ್ಟು ಓದಿದರೆ ಈ ವಿವರಣೆ ನಿಲ್ಲುವುದಿಲ್ಲ. ಹೊಂದಾಣಿಕೆಗೆ ಬೇಕಾದ ತಂತ್ರ ಹೆಚ್ಚುಕಡಿಮೆ ಪ್ರತಿ ಹಂತದಲ್ಲೂ ಕೈಗೆಟುಕುವಂತೆಯೇ ಇತ್ತು. ಅದು ನೋಡುಗರಿಗೆ ದಕ್ಕಿದ್ದು ಮಾತ್ರ ಸ್ಟುಡಿಯೋ, ಮಾರಾಟಗಾರ ಮತ್ತು ಸಾಧನ ತಯಾರಕರ ನಡುವಿನ ಚೌಕಾಸಿ ಕುದುರಿದಾಗ, ಅದೂ ಕುದುರಿದಷ್ಟು ಮಟ್ಟಿಗೆ.

ಆರಂಭದ ವರ್ಷಗಳ ಬಗ್ಗೆ ಹೆಚ್ಚು ವಿವಾದವಿಲ್ಲ. ಸಿನೆಮಾನೌ ಸಂಸ್ಥೆ 1999ರಲ್ಲಿ ಸ್ಥಾಪನೆಯಾಯಿತು. ಎಂಜಿಎಂ, ಪ್ಯಾರಮೌಂಟ್, ಸೋನಿ, ಯೂನಿವರ್ಸಲ್ ಮತ್ತು ವಾರ್ನರ್ ಎಂಬ ಐದು ಸ್ಟುಡಿಯೋಗಳು ಸೇರಿ ಕಟ್ಟಿದ ಮೂವೀಲಿಂಕ್ 2002ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ವಿಂಡೋಸ್ ಕಂಪ್ಯೂಟರ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಇಲ್ಲದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇಳಿಸಿಕೊಂಡ ಚಿತ್ರವನ್ನು 30 ದಿನ ಇಟ್ಟುಕೊಳ್ಳಬಹುದಿತ್ತು, ಒಮ್ಮೆ ನೋಡಲು ಶುರುಮಾಡಿದರೆ 24 ಗಂಟೆಯೊಳಗೆ ಮುಗಿಸಬೇಕಿತ್ತು. ಪೈಪೋಟಿ ನಡೆಸಬೇಕಾದ ಸ್ಟುಡಿಯೋಗಳೇ ಕೂಡಿ ಅಂಗಡಿ ತೆರೆದದ್ದನ್ನು ಅಮೆರಿಕದ ನ್ಯಾಯ ಇಲಾಖೆ ತನಿಖೆ ಮಾಡಿ, 2004ರಲ್ಲಿ ಕ್ರಮ ಕೈಗೊಳ್ಳದೆ ಕೈಬಿಟ್ಟಿತು. 2006ರ ಏಪ್ರಿಲ್‌ನಲ್ಲಿ ಮೂವೀಲಿಂಕ್ ಚಿತ್ರಗಳನ್ನು ಶಾಶ್ವತವಾಗಿ ಮಾರಲು ಮುಂದಾಯಿತಾದರೂ, ಕೊಂಡವರು ಪ್ರತಿಗಾಗಿ ಬರೆದುಕೊಂಡ ಡಿಸ್ಕ್ ಮನೆಯ ಸಾಮಾನ್ಯ ಡಿವಿಡಿ ಪ್ಲೇಯರ್‌ನಲ್ಲಿ ಓಡುತ್ತಿರಲಿಲ್ಲ. ಡಿಸ್ಕ್ ಬರೆಯುವ ತಂತ್ರ ಆಗ ಸಾಕಷ್ಟು ಕಂಪ್ಯೂಟರ್‌ಗಳಲ್ಲಿ ಇತ್ತು, ಒಪ್ಪಿಗೆ ಇರಲಿಲ್ಲ. 2007ರಲ್ಲಿ ವಿಡಿಯೋ ಬಾಡಿಗೆ ಸಂಸ್ಥೆ ಬ್ಲಾಕ್‌ಬಸ್ಟರ್ ಮೂವೀಲಿಂಕನ್ನು 66 ಲಕ್ಷ ಡಾಲರ್‌ಗೆ ಕೊಂಡಿತು. ಐದು ದೊಡ್ಡ ಸ್ಟುಡಿಯೋಗಳ ಕೂಸಿಗೆ ಅದು ಜುಜುಬಿ ಮೊತ್ತ.

2006ರ ಸೆಪ್ಟೆಂಬರ್‌ನಲ್ಲಿ ಒಂದೇ ವಾರದ ಅಂತರದಲ್ಲಿ ಇಬ್ಬರು ದೊಡ್ಡ ಸ್ಪರ್ಧಿಗಳು ಕಣಕ್ಕಿಳಿದರು. ಅಮೆಜಾನ್‌ನ ಅನ್‌ಬಾಕ್ಸ್ 7ರಂದು ಆರಂಭವಾಯಿತು. ಅಲ್ಲಿ ಕೊಂಡದ್ದು ಮ್ಯಾಕ್ ಕಂಪ್ಯೂಟರ್‌ನಲ್ಲೂ ಐಪಾಡ್‌ನಲ್ಲೂ ನಡೆಯುತ್ತಿರಲಿಲ್ಲ. ಆಪಲ್ 12ರಂದು ತನ್ನ ಐಟ್ಯೂನ್ಸ್ ಅಂಗಡಿಯಲ್ಲಿ ಡಿಸ್ನಿ ಬಳಗದ 75 ಚಿತ್ರಗಳನ್ನು ಮಾರಾಟಕ್ಕಿಟ್ಟಿತು. ಅವು ಆಪಲ್ ತಂತ್ರಾಂಶ ಮತ್ತು ಆಪಲ್ ಸಾಧನಗಳ ಆಚೆ ನಡೆಯುತ್ತಿರಲಿಲ್ಲ. ಎರಡೂ ಕಡೆ ಅಡ್ಡ ನಿಂತದ್ದು ಡಿಆರ್‌ಎಂ ಎಂಬ ಡಿಜಿಟಲ್ ಬೀಗ. ಅನ್‌ಬಾಕ್ಸ್ ಬಳಸಿದ್ದು ಮೈಕ್ರೋಸಾಫ್ಟ್‌ನ ಬೀಗ. ಮೈಕ್ರೋಸಾಫ್ಟ್ ಅದನ್ನು ಇತರ ತಯಾರಕರಿಗೆ ಪರವಾನಗಿಯ ಮೇಲೆ ಕೊಡುತ್ತಿತ್ತು, ಆಪಲ್ ತನ್ನ ಫೇರ್‌ಪ್ಲೇಯನ್ನು ಬೇರೆಯವರ ವಿಡಿಯೋ ಸಾಧನಗಳಿಗೆ ಬಿಟ್ಟುಕೊಡಲಿಲ್ಲ. ಕಳ್ಳಪ್ರತಿಗಳ ಭಯದಿಂದ ಸ್ಟುಡಿಯೋಗಳು ಬೀಗ ಕೇಳಿದವು, ಬೀಗ ಬಂದ ಮೇಲೆ ಹೊಂದಾಣಿಕೆ ಹೋಗುವುದು ಸಹಜ ಎಂಬ ಸಮರ್ಥನೆ ಇಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಬೀಗ ಬೇಕೆಂಬ ಬೇಡಿಕೆ ಸ್ಟುಡಿಯೋಗಳದ್ದು ಎಂಬುದು ನಿಜ. ಒಬ್ಬನ ಬೀಗ ಇನ್ನೊಬ್ಬನ ಸಾಧನದಲ್ಲಿ ತೆರೆಯಬಾರದು ಎಂಬುದು ಮಾತ್ರ ಅಂಗಡಿಯವರ ಆಯ್ಕೆ. ಸಂಗೀತದ ಉದಾಹರಣೆ ಈ ವಾದವನ್ನು ಇನ್ನಷ್ಟು ಸಡಿಲಗೊಳಿಸುತ್ತದೆ: ಆಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ 2007ರಲ್ಲಿ ಸಂಗೀತಕ್ಕೆ ಬೀಗ ಬೇಡವೆಂದು ಬಹಿರಂಗವಾಗಿ ಬರೆದರು, 2009ರ ಹೊತ್ತಿಗೆ ಐಟ್ಯೂನ್ಸ್ ಹಾಡುಗಳು ಬೀಗಮುಕ್ತವಾದವು, ಹಾಡು ಮಾರುವ ವ್ಯಾಪಾರ ನಿಲ್ಲಲಿಲ್ಲ. ಅದೇ ಅಂಗಡಿಯ ಚಲನಚಿತ್ರಗಳಿಗೆ ಬೀಗ ಹಾಗೆಯೇ ಉಳಿಯಿತು. 2007ರ ಫೆಬ್ರವರಿಯಲ್ಲಿ ಆರು ಪ್ರಮುಖ ಸ್ಟುಡಿಯೋಗಳ ಚಿತ್ರಗಳೊಂದಿಗೆ ಬಂದ ವಾಲ್‌ಮಾರ್ಟ್‌ನ ಡೌನ್‌ಲೋಡ್ ಅಂಗಡಿ ಅದೇ ಡಿಸೆಂಬರ್‌ನಲ್ಲಿ ಮುಚ್ಚಿತು.

ನೆಟ್‌ಫ್ಲಿಕ್ಸ್‌ನ ಪಾತ್ರವನ್ನು ಚಂದಾ ಪದ್ಧತಿಯ ಜಾಣ್ಮೆಯಾಗಿ ನೋಡುವವರು ಹೆಚ್ಚು. ಹೊಂದಾಣಿಕೆಯ ದೃಷ್ಟಿಯಿಂದ ಅದರ ನಿಜವಾದ ತಿರುವು ಬೇರೆಡೆ ಇದೆ. 2007ರ ಜನವರಿಯಲ್ಲಿ ಆರಂಭವಾದ ಅದರ ನೇರ ವೀಕ್ಷಣೆಯೂ ಮೊದಲಿಗೆ ವಿಂಡೋಸ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಸೀಮಿತವಾಗಿತ್ತು. ಟಿವಿಗೆ ಜೋಡಿಸುವ ಸ್ವಂತ ಪೆಟ್ಟಿಗೆಯೊಂದನ್ನು ಸಂಸ್ಥೆ ಬಿಡುಗಡೆಯ ಹಂತದವರೆಗೂ ತಂದಿತ್ತು. ಅದೇ ವರ್ಷದ ಕೊನೆಗೆ ಸಂಸ್ಥೆಯ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಆ ಯೋಜನೆಯನ್ನು ಕೈಬಿಟ್ಟು ರೋಕು ಸಂಸ್ಥೆಗೆ ವಹಿಸಿದರು. ತಾನೇ ಪೆಟ್ಟಿಗೆ ಮಾರಲು ಹೊರಟರೆ ಉಳಿದ ತಯಾರಕರು ತನ್ನನ್ನು ಪ್ರತಿಸ್ಪರ್ಧಿಯೆಂದು ದೂರವಿಡುತ್ತಾರೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ರೋಕು ಪೆಟ್ಟಿಗೆ 2008ರ ಮೇನಲ್ಲಿ ನೂರು ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂತು, ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360ರಲ್ಲಿ ನೆಟ್‌ಫ್ಲಿಕ್ಸ್ ಕಾಣಿಸಿಕೊಂಡಿತು. ಕಡತವನ್ನು ಸಾಧನದಿಂದ ಸಾಧನಕ್ಕೆ ಒಯ್ಯುವ ಹೊರೆ ನೋಡುಗನ ಹೆಗಲಿಂದ ಇಳಿದು, ಪ್ರತಿ ಸಾಧನಕ್ಕೂ ಆ್ಯಪ್ ಬರೆಯುವ ಹೊರೆಯಾಗಿ ಸೇವೆಯ ಹೆಗಲೇರಿತು. ಸಾಧನ ಮಾರದಿರುವ ನಿರ್ಧಾರವೇ ಎಲ್ಲ ಸಾಧನಗಳ ಬಾಗಿಲು ತೆರೆಸಿತು. ಸಾಧನವನ್ನೂ ಚಿತ್ರವನ್ನೂ ಮಾರುತ್ತಿದ್ದ ಆಪಲ್, ಅಮೆಜಾನ್, ಗೂಗಲ್‌ಗಳ ನಡುವೆ ಮುಂದೆ ನಡೆದ ಜಗಳಗಳ ಜೊತೆ ಇಟ್ಟು ನೋಡಿದರೆ ಈ ನಿರ್ಧಾರದ ತೂಕ ತಿಳಿಯುತ್ತದೆ.

ಇಡೀ ಇತಿಹಾಸದಲ್ಲಿ ಹೆಚ್ಚು ಗೋಜಲಾಗಿ ದಾಖಲಾಗಿರುವುದು ಅಲ್ಟ್ರಾವಯಲೆಟ್‌ನ ಅಧ್ಯಾಯ. ಒಂದು ಕಡೆ ಕೊಂಡ ಚಿತ್ರ ಎಲ್ಲ ಕಡೆ ಓಡಬೇಕೆಂಬ ಉದ್ದೇಶದಿಂದ ಸ್ಟುಡಿಯೋಗಳು, ಸಾಧನ ತಯಾರಕರು ಮತ್ತು ತಂತ್ರಾಂಶ ಸಂಸ್ಥೆಗಳು 2008ರಲ್ಲಿ ಒಕ್ಕೂಟ ಕಟ್ಟಿದವು. ಸೇವೆ 2011ರ ಅಕ್ಟೋಬರ್‌ನಲ್ಲಿ ವಾರ್ನರ್ ಚಿತ್ರಗಳೊಂದಿಗೆ ಆರಂಭವಾಯಿತು. ಒಂದು ಕುಟುಂಬದ ಆರು ಸದಸ್ಯರು, 12 ಸಾಧನಗಳು, ಒಪ್ಪಿತವಾದ ಹಲವು ಬಗೆಯ ಬೀಗಗಳು, ಎಲ್ಲಕ್ಕೂ ಸಾಮಾನ್ಯವಾದ ಒಂದು ಕಡತ ಮಾದರಿ ಎಂಬುದು ಅದರ ನಕ್ಷೆ. ಸಾಮಾನ್ಯ ಕಡತ ಮಾದರಿ ವ್ಯಾಪಕ ಬಳಕೆಗೆ ಬರಲೇ ಇಲ್ಲ. ಉಳಿದದ್ದು ಯಾರು ಯಾವ ಚಿತ್ರ ಕೊಂಡಿದ್ದಾರೆಂದು ಬರೆದಿಡುವ ಒಂದು ಹಕ್ಕುಖಾತೆ ಮಾತ್ರ. ಡಿಸ್ನಿ ಒಕ್ಕೂಟಕ್ಕೆ ಸೇರಲಿಲ್ಲ, ಆಪಲ್ ಕೂಡ ಸೇರಲಿಲ್ಲ. ಪಿಕ್ಸಾರ್ ಸ್ಟುಡಿಯೋವನ್ನು ಡಿಸ್ನಿಗೆ ಮಾರಿದ ನಂತರ ಡಿಸ್ನಿಯ ಅತಿದೊಡ್ಡ ವೈಯಕ್ತಿಕ ಷೇರುದಾರರಾಗಿದ್ದ ಜಾಬ್ಸ್ ಅದರ ಆಡಳಿತ ಮಂಡಳಿಯಲ್ಲೂ ಇದ್ದದ್ದನ್ನು ಕಾರಣವೆಂದು ತೋರಿಸುವವರಿದ್ದಾರೆ. ಕಾಲಾನುಕ್ರಮ ಅದಕ್ಕೆ ಹೊಂದುತ್ತದೆ, ಆದರೆ ಅದೊಂದೇ ಕಾರಣವೆಂದು ಸಾಬೀತಾಗುವುದಿಲ್ಲ. ಡಿಸ್ನಿ 2009ರಲ್ಲೇ ಕೀಚೆಸ್ಟ್ ಎಂಬ ತನ್ನದೇ ತಂತ್ರವನ್ನು ಪ್ರಕಟಿಸಿತ್ತು. ಅದರ ಮೇಲೆ ಕಟ್ಟಿದ ಡಿಸ್ನಿ ಮೂವೀಸ್ ಎನಿವೇರ್ 2014ರ ಫೆಬ್ರವರಿಯಲ್ಲಿ ಐಟ್ಯೂನ್ಸ್ ಜೊತೆಗೂಡಿ ಆರಂಭವಾಯಿತು, ಅದೇ ವರ್ಷ ಗೂಗಲ್ ಪ್ಲೇ ಸೇರಿತು. 2017ರ ಅಕ್ಟೋಬರ್‌ನಲ್ಲಿ ಫಾಕ್ಸ್, ಸೋನಿ, ಯೂನಿವರ್ಸಲ್ ಮತ್ತು ವಾರ್ನರ್ ಕೂಡ ಬಂದ ಮೇಲೆ ಹೆಸರಿನಿಂದ ಡಿಸ್ನಿ ಬಿಟ್ಟುಹೋಗಿ ಅದು ಬರೀ ಮೂವೀಸ್ ಎನಿವೇರ್ ಆಯಿತು. ಅಮೆಜಾನ್, ಆಪಲ್, ಗೂಗಲ್, ವುಡು ನಾಲ್ಕೂ ಅಂಗಡಿಗಳು ಅದರಲ್ಲಿದ್ದವು. ಪ್ಯಾರಮೌಂಟ್ ಮತ್ತು ಲಯನ್ಸ್‌ಗೇಟ್ ಹೊರಗುಳಿದವು. ಅಲ್ಟ್ರಾವಯಲೆಟ್ 2019ರ ಜುಲೈ 31ರಂದು ಮುಚ್ಚಿತು.

ಅಲ್ಟ್ರಾವಯಲೆಟ್ ಸೋತದ್ದು ಬಳಸಲು ತೊಡಕಾಗಿದ್ದರಿಂದ ಎಂಬುದು ಪ್ರಚಲಿತ ತೀರ್ಪು. ಒಂದು ಚಿತ್ರಕ್ಕಾಗಿ ಎರಡೆರಡು ಕಡೆ ಖಾತೆ ತೆರೆಯಬೇಕಿದ್ದದ್ದು, ಡಿಸ್ಕ್ ಪೆಟ್ಟಿಗೆಯೊಳಗಿನ ಸಂಕೇತವನ್ನು ಬೆರಳಚ್ಚು ಮಾಡಬೇಕಿದ್ದದ್ದು ನಿಜವೇ. ಆದರೆ ಮೂವೀಸ್ ಎನಿವೇರ್‌ನಲ್ಲೂ ಪ್ರತಿ ಅಂಗಡಿಯ ಖಾತೆಯನ್ನು ಒಂದೊಂದಾಗಿ ಜೋಡಿಸಬೇಕು, ಜನ ಜೋಡಿಸಿದರು. ಮುಚ್ಚುವ ಹೊತ್ತಿಗೆ ಅಲ್ಟ್ರಾವಯಲೆಟ್‌ಗೆ ಮೂರು ಕೋಟಿಗೂ ಹೆಚ್ಚು ಬಳಕೆದಾರರಿದ್ದರೆಂದೂ ಅವರ ಖಾತೆಗಳಲ್ಲಿ 30 ಕೋಟಿಗೂ ಹೆಚ್ಚು ಚಿತ್ರ, ಧಾರಾವಾಹಿಗಳಿದ್ದವೆಂದೂ ಅದೇ ಸಂಸ್ಥೆ ಹೇಳಿಕೊಂಡಿತ್ತು. ಸಂಸ್ಥೆಯ ಮಾತನ್ನು ಸ್ವಲ್ಪ ಕಡಿಮೆ ಮಾಡಿಕೊಂಡು ನಂಬಿದರೂ ಇದು ಯಾರೂ ಮುಟ್ಟದ ಸೇವೆಯ ಅಂಕಿಯಲ್ಲ. ಕೆಲಸ ಮಾಡಿದ ಭಾಗ ಎರಡರಲ್ಲೂ ಒಂದೇ: ಕಡತವನ್ನಲ್ಲ, ಕೊಂಡ ದಾಖಲೆಯನ್ನು ಅಂಗಡಿಯಿಂದ ಅಂಗಡಿಗೆ ದಾಟಿಸುವುದು. ಬೀಗಗಳನ್ನು ಒಂದಾಗಿಸುವ ಅಗತ್ಯವೇ ಬೀಳಲಿಲ್ಲ, ಪ್ರತಿ ಅಂಗಡಿ ತನ್ನ ಬೀಗದಲ್ಲೇ ಅದೇ ಚಿತ್ರವನ್ನು ಮತ್ತೆ ಕೊಟ್ಟಿತು. ಅಲ್ಟ್ರಾವಯಲೆಟ್ ಬಳಿ ಮಾನದಂಡಗಳಿದ್ದವು, ಆಪಲ್‌ನಂಥ ಅಂಗಡಿ ಇರಲಿಲ್ಲ. ಡಿಸ್ನಿ ಬಳಿ ಅಂಗಡಿಗಳು ಬಿಡಲಾರದ ಚಿತ್ರಗಳಿದ್ದವು. ಸೋಲುಗೆಲುವು ನಿರ್ಧಾರವಾದದ್ದು ಅಲ್ಲಿ. ಇನ್ನೊಂದು ಸಂಗತಿ ಅಮೆರಿಕದ ಆಚೆ ಹೆಚ್ಚು ಗಮನಕ್ಕೆ ಬಂದಿಲ್ಲ: ಅಲ್ಟ್ರಾವಯಲೆಟ್ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲೂ ನಡೆದಿತ್ತು, ಮೂವೀಸ್ ಎನಿವೇರ್ ಅಮೆರಿಕಕ್ಕಷ್ಟೇ ಸೀಮಿತ. ಹಾಗಾಗಿ ಒಂದನ್ನು ಇನ್ನೊಂದರ ಉತ್ತರಾಧಿಕಾರಿಯೆಂದು ಕರೆಯುವುದು ಒಂದೇ ದೇಶದ ಮಟ್ಟಿಗೆ ಸರಿ.

ಈ ನಡುವೆ ಮಾನದಂಡಗಳೂ ಬಂದವು. ಒಮ್ಮೆ ಗೂಢಲಿಪಿಗೊಳಿಸಿದ ಕಡತವನ್ನು ಹಲವು ಬೀಗಗಳಿಂದ ತೆರೆಯಬಲ್ಲ ಸಾಮಾನ್ಯ ಪದ್ಧತಿ ಅಂತಾರಾಷ್ಟ್ರೀಯ ಮಾನದಂಡವಾಯಿತು. ಬ್ರೌಸರ್‌ನೊಳಗೆ ಬೀಗಕ್ಕೆ ಜಾಗ ಮಾಡಿಕೊಡುವ ನಿಯಮವನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2017ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿತು, ಅದನ್ನು ವಿರೋಧಿಸಿ ಡಿಜಿಟಲ್ ಹಕ್ಕುಗಳ ಸಂಘಟನೆ ಇಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಆ ಸಂಸ್ಥೆಯಿಂದ ಹೊರನಡೆಯಿತು. ಗೂಗಲ್‌ನ ವೈಡ್‌ವೈನ್, ಮೈಕ್ರೋಸಾಫ್ಟ್‌ನ ಪ್ಲೇರೆಡಿ, ಆಪಲ್‌ನ ಫೇರ್‌ಪ್ಲೇ ಎಂಬ ಮೂರು ಬೀಗಗಳು ಉಳಿದುಕೊಂಡವು. ದೊಡ್ಡ ಸೇವೆಗಳು ಮೂರನ್ನೂ ನಿಭಾಯಿಸಲು ಕಲಿತವು. ಹಾಗೆ ನೋಡಿದರೆ 2015ರ ನಂತರ ತಾಂತ್ರಿಕ ನೆಪಕ್ಕೆ ಹೆಚ್ಚು ಜಾಗವೇ ಉಳಿದಿರಲಿಲ್ಲ, ಜಗಳಗಳು ಹೆಚ್ಚಿದ್ದು ಆಗಲೇ.

2015ರ ಅಕ್ಟೋಬರ್‌ನಲ್ಲಿ ಅಮೆಜಾನ್ ತನ್ನ ಅಂಗಡಿಯಲ್ಲಿ ಆಪಲ್ ಟಿವಿ ಮತ್ತು ಗೂಗಲ್‌ನ ಕ್ರೋಮ್‌ಕಾಸ್ಟ್ ಮಾರಾಟವನ್ನು ನಿಲ್ಲಿಸಿತು. ಅವುಗಳಲ್ಲಿ ತನ್ನ ಚಂದಾ ಸೇವೆ ಪ್ರೈಮ್ ವಿಡಿಯೋ ಸರಿಯಾಗಿ ನಡೆಯದೆ ಗ್ರಾಹಕರಿಗೆ ಗೊಂದಲವಾಗುತ್ತದೆ ಎಂಬುದು ಕೊಟ್ಟ ಕಾರಣ. ಪ್ರೈಮ್ ವಿಡಿಯೋ ಆಪಲ್ ಟಿವಿಗೆ ಬಂದದ್ದು 2017ರ ಡಿಸೆಂಬರ್‌ನಲ್ಲಿ. ಅದೇ ತಿಂಗಳು ಗೂಗಲ್, ತನ್ನ ಸಾಧನಗಳನ್ನು ಅಮೆಜಾನ್ ಮಾರುತ್ತಿಲ್ಲ ಎಂಬುದನ್ನೂ ಕಾರಣಗಳಲ್ಲಿ ಒಂದಾಗಿ ಹೇಳಿ, ಅಮೆಜಾನ್‌ನ ಫೈರ್ ಟಿವಿಯಿಂದ ಯೂಟ್ಯೂಬನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ರಾಜಿಯಾದದ್ದು 2019ರ ಏಪ್ರಿಲ್‌ನಲ್ಲಿ. 2020ರ ಮೇನಲ್ಲಿ ಆರಂಭವಾದ ಎಚ್‌ಬಿಒ ಮ್ಯಾಕ್ಸ್, ಅಮೆರಿಕದ ಎರಡು ಪ್ರಮುಖ ಟಿವಿ ವೇದಿಕೆಗಳಾದ ರೋಕು ಮತ್ತು ಫೈರ್ ಟಿವಿಯಲ್ಲಿ ಇರಲಿಲ್ಲ. ಕ್ರಿಸ್‌ಮಸ್ ದಿನ ಅದರಲ್ಲಿ 'ವಂಡರ್ ವುಮನ್ 1984' ಬಿಡುಗಡೆ ಹತ್ತಿರವಾದ ಡಿಸೆಂಬರ್ ಮಧ್ಯದಲ್ಲಿ ರೋಕು ಜೊತೆ ಒಪ್ಪಂದವಾಯಿತು. ಇಂಥ ಜಗಳಗಳು ಕೊನೆಗೆ ಬಗೆಹರಿಯುತ್ತವಲ್ಲ, ಪೈಪೋಟಿಯೇ ಹೊಂದಾಣಿಕೆ ತರುತ್ತದಲ್ಲ ಎಂದು ಮಾರುಕಟ್ಟೆಯ ಪರ ವಾದಿಸುವವರು ಕೇಳಬಹುದು. ಬಗೆಹರಿದದ್ದು ಹೌದು. ಆದರೆ ಆಪಲ್ ಜೊತೆಗಿನ ಜಗಳಕ್ಕೆ ಎರಡು ವರ್ಷಕ್ಕೂ ಮಿಗಿಲಾದ ಅವಧಿ, ಗೂಗಲ್ ಜೊತೆಗಿನದಕ್ಕೆ ಮೂರೂವರೆ ವರ್ಷ ಹಿಡಿಯಿತು. ಕೊಡಲು ಇಬ್ಬರ ಬಳಿಯೂ ಏನಾದರೂ ಇದ್ದುದರಿಂದ ಮಾತುಕತೆ ಸಾಧ್ಯವಾಯಿತು, ಕೊಡಲು ಏನೂ ಇಲ್ಲದ ಸಣ್ಣ ಸೇವೆಗೆ ಈ ದಾರಿ ತೆರೆದಿಲ್ಲ. ಐಟ್ಯೂನ್ಸ್ ಚಿತ್ರಗಳು 2019ರಲ್ಲಿ ಸ್ಯಾಮ್‌ಸಂಗ್ ಟಿವಿಗಳಿಗೆ ಬಂದದ್ದೂ ಆಪಲ್ ಚಂದಾ ಸೇವೆಗೆ ಇಳಿದ ವರ್ಷವೇ. ಆಂಡ್ರಾಯ್ಡ್ ಫೋನ್‌ಗಳಿಗೆ ಅದರ ಟಿವಿ ಆ್ಯಪ್ ಬಂದದ್ದು 2025ರ ಫೆಬ್ರವರಿಯಲ್ಲಿ, ಮೊದಲ ಚಿತ್ರ ಮಾರಿ 18 ವರ್ಷಗಳಾದ ಮೇಲೆ.

ಭಾರತದಲ್ಲಿ ಕೊಂಡು ಇಟ್ಟುಕೊಳ್ಳುವ ಹಂತ ಗಟ್ಟಿಯಾಗುವ ಮೊದಲೇ ಚಂದಾ ಸೇವೆಗಳು ಬಂದವು: ಹಾಟ್‌ಸ್ಟಾರ್ 2015ರಲ್ಲಿ, ನೆಟ್‌ಫ್ಲಿಕ್ಸ್ ಮತ್ತು ಪ್ರೈಮ್ ವಿಡಿಯೋ 2016ರಲ್ಲಿ. ಇಲ್ಲಿ ಸಾಧನ ನಿರ್ಬಂಧ ಬೆಲೆಯ ಸಾಧನವಾಯಿತು. 2019ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ತಿಂಗಳಿಗೆ 199 ರೂಪಾಯಿಯ ಮೊಬೈಲ್ ಯೋಜನೆಯನ್ನು ತಂದಿತು. ಅದು ಟಿವಿಯಲ್ಲಿ ಓಡದಿರುವುದು ತೊಡಕಲ್ಲ, ಯೋಜನೆಯ ತಿರುಳೇ ಅದು. 2021ರ ಡಿಸೆಂಬರ್‌ನಲ್ಲಿ ದರ 149ಕ್ಕೆ ಇಳಿದರೂ ನಿರ್ಬಂಧ ಸಡಿಲವಾಗಲಿಲ್ಲ. ವೈಡ್‌ವೈನ್‌ನ ಎಲ್1 ಭದ್ರತಾ ದರ್ಜೆ ಇಲ್ಲದ ಫೋನ್‌ಗಳಲ್ಲಿ ನೆಟ್‌ಫ್ಲಿಕ್ಸ್‌ನ ಎಚ್‌ಡಿ ಗುಣಮಟ್ಟ ಸಿಗುವುದಿಲ್ಲ ಎಂಬುದು ಹಲವರಿಗೆ ತಿಳಿದದ್ದು ಒನ್‌ಪ್ಲಸ್ 5 ಮತ್ತು 5ಟಿ ಪ್ರಕರಣದಿಂದ. 2018ರಲ್ಲಿ ಆ ದರ್ಜೆ ಪಡೆಯಲು ಫೋನನ್ನೇ ಕಂಪನಿಗೆ ಕಳಿಸಬೇಕಾಗಿತ್ತು. ಕನ್ನಡದ 'ಲಾ' 2020ರ ಜುಲೈ 17ರಂದು ಚಿತ್ರಮಂದಿರಕ್ಕೆ ಹೋಗದೆ ಪ್ರೈಮ್ ವಿಡಿಯೋದಲ್ಲೇ ತೆರೆಕಂಡಾಗ, ಯಾರು ಚಿತ್ರ ನೋಡಬಲ್ಲರು ಎಂಬುದನ್ನು ಆ ಸೇವೆಯ ಸಾಧನ ಪಟ್ಟಿಯೇ ತೀರ್ಮಾನಿಸುವಂತಾಯಿತು.

ಹೊಂದಾಣಿಕೆ ಎಂಬುದು ಒಪ್ಪಂದದ ಷರತ್ತು ಎಂಬ ಮಾತಿಗೆ ಇತ್ತೀಚಿನ ಗಟ್ಟಿ ದಾಖಲೆ ಭಾರತೀಯ ಸ್ಪರ್ಧಾ ಆಯೋಗದ್ದು. ಸ್ಮಾರ್ಟ್ ಟಿವಿ ತಯಾರಕರು ಗೂಗಲ್‌ನ ಪ್ಲೇ ಸ್ಟೋರ್ ಬೇಕೆಂದರೆ ಅದರ ಇತರ ಆ್ಯಪ್‌ಗಳನ್ನೂ ಒಟ್ಟಾಗಿ ಅಳವಡಿಸಬೇಕಿತ್ತು. ಆಂಡ್ರಾಯ್ಡ್‌ನ ಮಾರ್ಪಡಿಸಿದ ಆವೃತ್ತಿಗಳನ್ನು ತಮ್ಮ ಯಾವ ಸಾಧನದಲ್ಲೂ ಬಳಸುವುದಿಲ್ಲವೆಂದು ಒಪ್ಪಬೇಕಿತ್ತು. ಅಮೆಜಾನ್‌ನ ಫೈರ್ ಟಿವಿ ತಂತ್ರಾಂಶ ಅಂಥದ್ದೇ ಒಂದು ಆವೃತ್ತಿ. ಹೊಂದಾಣಿಕೆ ಕೆಡದಿರಲಿ ಎಂಬ ಹೆಸರಿನಲ್ಲೇ ಬಂದ ಈ ಷರತ್ತು ಪ್ರತಿಸ್ಪರ್ಧಿಯ ವೇದಿಕೆಯನ್ನು ಹೊರಗಿಡುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಆಯೋಗ ಒಪ್ಪಿದ ಇತ್ಯರ್ಥದಂತೆ ಗೂಗಲ್ 20.24 ಕೋಟಿ ರೂಪಾಯಿ ಕಟ್ಟಿ, ಭಾರತದ ಟಿವಿಗಳಿಗೆ ಪ್ಲೇ ಸ್ಟೋರ್ ಮತ್ತು ಪ್ಲೇ ಸೇವೆಗಳನ್ನು ಶುಲ್ಕದ ಮೇಲೆ ಪ್ರತ್ಯೇಕವಾಗಿ ಕೊಡಲು ಸಮ್ಮತಿಸಿತು. ಇದೇ ಮಾತಿಗೆ ಇನ್ನೊಂದು ನಿದರ್ಶನವಾಗಿ, ಅದೇ ವರ್ಷದ ಜುಲೈನಲ್ಲಿ ಮೈಕ್ರೋಸಾಫ್ಟ್ ಚಲನಚಿತ್ರ ಮಾರಾಟವನ್ನು ನಿಲ್ಲಿಸಿತು. ಹಿಂದೆ ಕೊಂಡವರು ಅವನ್ನು ವಿಂಡೋಸ್ ಮತ್ತು ಎಕ್ಸ್‌ಬಾಕ್ಸ್‌ನಲ್ಲಿ ನೋಡಬಹುದು. ಬೇರೆ ಅಂಗಡಿಗೆ ದಾಟಿಸುವ ಅವಕಾಶ ಇರುವುದು ಅಮೆರಿಕದವರಿಗೆ, ಅದೂ ಮೂವೀಸ್ ಎನಿವೇರ್‌ನಲ್ಲಿರುವ ಸ್ಟುಡಿಯೋಗಳ ಚಿತ್ರಗಳಿಗೆ ಮಾತ್ರ.