ನಗೆ ಬ್ಲಾಗನ್ನು ಅಳೆಯೋದು ಹೇಗೆ? ಬರಹಕ್ಕೂ ವಿನ್ಯಾಸಕ್ಕೂ ಆರು ಪ್ರಶ್ನೆಗಳು

ಅದೊಂದು ಬರಗಾಲದ ವರ್ಷ. ಸಚಿವರೊಬ್ಬರು ಒಣಗಿದ ಹೊಲದಲ್ಲಿ ಐದು ನಿಮಿಷ ನಿಂತು, ಫೋಟೋ ತೆಗೆಸಿಕೊಂಡು, ಬಂದ ಕಾರಲ್ಲೇ ವಾಪಸಾದ ಸುದ್ದಿ ಓದಿ ನನಗೆ ಮೈ ಉರಿದಿತ್ತು. ಆಗ ನಾನೊಂದು ನಗೆ ಬ್ಲಾಗ್ ನಡೆಸುತ್ತಿದ್ದೆ. ರಾತ್ರಿ ಕೂತು ಅಣಕು ಸುತ್ತೋಲೆಯೊಂದನ್ನು ಬರೆದೆ. 'ಬರ ವೀಕ್ಷಣೆಯ ಫೋಟೋದಲ್ಲಿ ಹಿನ್ನೆಲೆಯಾಗಿ ನಿಲ್ಲುವ ರೈತರಿಗೆ ತಲಾ 500 ರೂಪಾಯಿ ಭತ್ಯೆ. ಪಹಣಿ ಮತ್ತು ಆಧಾರ್ ಪ್ರತಿಯೊಂದಿಗೆ ಅರ್ಜಿ ಸಲ್ಲಿಸುವುದು. ಕ್ಯಾಮೆರಾ ನೋಡಿ ಅಳುವವರಿಗೆ ಹೆಚ್ಚುವರಿ 100.' ನಿಜದ ಸುತ್ತೋಲೆ ಥರಾನೇ ಕಾಣಲಿ ಅಂತ ಮೇಲೆ ಲಾಂಛನದಂಥ ಚಿತ್ರ, ಪಕ್ಕದಲ್ಲಿ ಕಡತದ ಸಂಖ್ಯೆ, ಕೆಳಗೆ ಸಹಿ, ಎಲ್ಲಾ ಹಾಕಿದ್ದೆ. ಗೆಳೆಯರು ಬಿದ್ದು ಬಿದ್ದು ನಕ್ಕರು.

ಹತ್ತು ದಿನ ಬಿಟ್ಟು, ತಾಲ್ಲೂಕು ಕಚೇರಿಯೊಂದರಲ್ಲಿ ಕೆಲಸ ಮಾಡುವ ಸ್ನೇಹಿತನ ಫೋನು. "ಅದು ನೀನು ಬರ್ದಿದ್ದು ತಾನೆ? ಬೆಳಿಗ್ಗೆ ಒಬ್ಬ ಅಜ್ಜ ಬಂದಿದ್ರು ಕಣೇ. ಪಹಣಿ ಹಿಡ್ಕೊಂಡು, ಎರಡು ಬಸ್ ಬದಲಾಯಿಸಿ." ಯಾರೋ ಸ್ಕ್ರೀನ್‌ಶಾಟ್ ತೆಗೆದು, ಅಳುವವರ ಸಾಲನ್ನು ಕತ್ತರಿಸಿ, ವಾಟ್ಸಾಪಿಗೆ ಬಿಟ್ಟಿದ್ದರು. ಸಚಿವರಿಗೆ ಎಸೆದ ಕಲ್ಲು ಅಜ್ಜನಿಗೆ ಬಿದ್ದಿತ್ತು.

ಕತ್ತರಿಸಿದವರನ್ನು ಬೈದುಕೊಂಡು ಎರಡು ದಿನ ಕಳೆದೆ. ಆಮೇಲೆ ನನ್ನದೇ ಪುಟವನ್ನು ಬೇರೆಯವರ ಪುಟದ ಹಾಗೆ ತೆರೆದು ನೋಡಿದೆ. ಅದು ತಮಾಷೆ ಅಂತ ಹೇಳುವ ಒಂದೇ ಒಂದು ಗುರುತು ಆ ಚಿತ್ರದೊಳಗೆ ಇರಲಿಲ್ಲ. ಬರಹ ಚೆನ್ನಾಗಿತ್ತು, ವಿನ್ಯಾಸ ಮೋಸ ಮಾಡಿತ್ತು. ಆ ವಿನ್ಯಾಸ ಮಾಡಿದ್ದೂ ನಾನೇ.

ಈಗ ನಾನು ಬ್ಲಾಗ್ ಬರೆಯೋದು ಕಡಿಮೆ. ಆದರೆ ಕಿರಿಯ ಗೆಳೆಯ ಗೆಳತಿಯರು ತಮ್ಮ ಪುಟದ ಕೊಂಡಿ ಕಳಿಸಿ "ಹೇಗಿದೆ ನೋಡಿ" ಅಂತಾರೆ. ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇಲ್ಲಿವೆ. ಬರೆಯುವವರಿಗೂ ಓದುವವರಿಗೂ, ಫಾರ್ವರ್ಡ್ ಒತ್ತುವ ಮುನ್ನ ಒಂದು ಕ್ಷಣ ಯೋಚಿಸುವವರಿಗೂ ಉಪಯೋಗ ಆಗಬಹುದು.

ಮೊದಲು, ನಗೆ ಬ್ಲಾಗ್ ಅಂದರೆ?

ಒಬ್ಬರೇ ಬರೆದು, ಒಬ್ಬರೇ ಪುಟ ಕಟ್ಟಿ, ಒಬ್ಬರೇ ಪ್ರಕಟಿಸುವ ಹಾಸ್ಯದ ತಾಣ. ಸ್ಥೂಲವಾಗಿ ಕೆಲವು ಬಗೆ: ಮನೆ, ಬೀದಿ, ಕಚೇರಿಯ ಹರಟೆ, ಅಣಕು ಸುದ್ದಿ, ಚಿತ್ರಕಥೆ, ಪದಚೇಷ್ಟೆ, ಚುಟುಕು.

ಇದಕ್ಕೆ ಕನ್ನಡದಲ್ಲಿ ಹಳೆಯ ಬೇರುಗಳಿವೆ. 'ರಾಶಿ' ಹೆಸರಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ 'ಕೊರವಂಜಿ' 1967ರವರೆಗೆ 25 ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ಅದಕ್ಕೆ ಚಿತ್ರ ಬರೆದಿದ್ದರು. ಆದರೆ ಪತ್ರಿಕೆಯಲ್ಲಿ ಬರೆಯುವವರ ತಲೆಯ ಮೇಲೆ ಒಬ್ಬ ಸಂಪಾದಕ ಇರುತ್ತಾನೆ. "ಇದು ಅತಿಯಾಯ್ತು", "ಇದು ಯಾರಿಗೂ ಅರ್ಥ ಆಗಲ್ಲ" ಅಂತ ಹೇಳುವುದು ಅವನ ಕೆಲಸ. ಬ್ಲಾಗಿನಲ್ಲಿ ಆ ಕುರ್ಚಿ ಖಾಲಿ. ಹಾಗಾಗಿ ಬರಹಕ್ಕೊಂದು ಅಂಕ, ವಿನ್ಯಾಸಕ್ಕೊಂದು ಅಂಕ ಅಂತ ಬೇರೆ ಬೇರೆ ಕೊಡೋಕೆ ಬರಲ್ಲ. ಎರಡಕ್ಕೂ ಒಬ್ಬರೇ ಹೊಣೆ.

1. ನಗು ಯಾರ ಮೇಲೆ ಬೀಳುತ್ತಿದೆ?

ಇದು ಎಲ್ಲಕ್ಕಿಂತ ಮೊದಲ ಪ್ರಶ್ನೆ. ಭ್ರಷ್ಟ ರಾಜಕಾರಣಿಯ ಬಗ್ಗೆ ಬರೆದ ಲೇಖನ ಅಂದುಕೊಳ್ಳಿ. ನಗು ಹುಟ್ಟುತ್ತಿರುವುದು ಅವನ ಭ್ರಷ್ಟಾಚಾರದಿಂದಲೋ, ಅವನ ಮೈಬಣ್ಣ, ಹೊಟ್ಟೆ, ಹಳ್ಳಿ ಉಚ್ಚಾರಣೆಯಿಂದಲೋ? ಪರೀಕ್ಷೆ ಸುಲಭ. ಮೈಬಣ್ಣದ ಸಾಲು ತೆಗೆದು ಓದಿ. ಜೋಕು ನಿಂತರೆ ಆ ಸಾಲು ಬೇಕಿರಲಿಲ್ಲ. ಜೋಕು ಬಿದ್ದರೆ, ಅದು ಶುರುವಿನಿಂದಲೂ ಭ್ರಷ್ಟಾಚಾರದ ಮೇಲಿನ ಜೋಕು ಆಗಿರಲೇ ಇಲ್ಲ.

ಉತ್ತರ ಕರ್ನಾಟಕದ ಮಾತು, ಮನೆಗೆಲಸದವರ ಇಂಗ್ಲಿಷು, ಹೆಂಡತಿಯ ಶಾಪಿಂಗು. ಇವು ನಮ್ಮ ಹಾಸ್ಯದ ಸವೆದ ನಾಣ್ಯಗಳು. ಇದನ್ನು ಹೇಳಿದರೆ "ನಿಮಗೆ ಹಾಸ್ಯಪ್ರಜ್ಞೆ ಇಲ್ಲ" ಅನ್ನೋ ಉತ್ತರ ಸಿದ್ಧವಾಗಿರುತ್ತೆ. ನನ್ನ ದೂರು ಬೇರೆ: ಇವು ಸೋಮಾರಿ ಜೋಕುಗಳು. ನಗಿಸುವ ಕೆಲಸವನ್ನು ಬರೆದವರು ಮಾಡಿಲ್ಲ, ಓದುಗರ ತಲೆಯಲ್ಲಿ ಮೊದಲೇ ಇದ್ದ ಪೂರ್ವಗ್ರಹ ಮಾಡಿದೆ. ಅದೇ ಮಾತು, ಅದೇ ಜಾತಿ, ಅದೇ ಬಡತನದೊಳಗಿಂದ ಬಂದವರು ತಮ್ಮನ್ನೇ ಗೇಲಿ ಮಾಡಿಕೊಂಡಾಗ ಲೆಕ್ಕ ಬೇರೆ. ಅಲ್ಲಿ ಬೆಲೆ ತೆರುವವರು ಬರೆಯುವವರೇ.

2. ವಿವರ ಇದೆಯೋ, ಬರೀ ಅಭಿಪ್ರಾಯವೋ?

'ನಮ್ಮೂರ ಬಸ್ಸು ಯಾವಾಗಲೂ ಲೇಟು' ಅನ್ನೋದು ದೂರು. 'ನಮ್ಮೂರ ಬಸ್ಸಿಗೆ ಕಾದು ಕಾದು, ಪಕ್ಕದಲ್ಲಿ ಕೂತವರ ಮಗಳಿಗೆ ಗಂಡು ಗೊತ್ತು ಮಾಡಿ ಬಂದೆ' ಅನ್ನೋದು ಹಾಸ್ಯದ ಶುರು. ಎರಡನೆಯದರಲ್ಲಿ ಒಂದು ಬೆಂಚಿದೆ, ಒಬ್ಬ ಮನುಷ್ಯರಿದ್ದಾರೆ, ಸಮಯ ಎಷ್ಟು ಹೋಯಿತು ಅಂತ ಹೇಳದೆಯೂ ಗೊತ್ತಾಗುತ್ತೆ.

ರಾಜಕೀಯ ಹಾಸ್ಯದಲ್ಲಿ ಇದು ಇನ್ನೂ ಮುಖ್ಯ. 'ಎಲ್ಲ ಪಕ್ಷಗಳೂ ಒಂದೇ' ಅನ್ನೋ ಜೋಕಿಗೆ ಯಾವ ಪಕ್ಷಕ್ಕೂ ನೋವಾಗಲ್ಲ. ಯಾವ ಟೆಂಡರು, ಯಾವ ರಸ್ತೆ, ಎಷ್ಟನೇ ಸಲ ಶಂಕುಸ್ಥಾಪನೆ ಅಂತ ಗೊತ್ತಿದ್ದು ಬರೆದ ಜೋಕಿಗೆ ಮಾತ್ರ ಹಲ್ಲು ಇರುತ್ತೆ. ಒಳ್ಳೆಯ ನಗೆಬರಹಗಾರರು ಒಳ್ಳೆಯ ವರದಿಗಾರರಷ್ಟೇ ಮನೆಪಾಠ ಮಾಡಿರುತ್ತಾರೆ.

3. ಧ್ವನಿ ಯಾರದ್ದು?

ಜೋರಾಗಿ ಓದಿ ನೋಡಿ. ಆ ವಾಕ್ಯವನ್ನು ಯಾರಾದರೂ ಕನ್ನಡದಲ್ಲಿ ಆಡುತ್ತಾರಾ? ಇಂಗ್ಲಿಷ್ ಮೀಮಿನ ಪಂಚ್ ಅನ್ನು ಹಾಗೇ ಎತ್ತಿ ತಂದಾಗ ವಾಕ್ಯದ ಹೊಡೆತ ತಪ್ಪುತ್ತೆ. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ನಡುವೆ ಬರುತ್ತೆ, ನಮ್ಮಲ್ಲಿ ಸಾಮಾನ್ಯವಾಗಿ ಕೊನೆಗೆ. ಕನ್ನಡದಲ್ಲಿ ವಾಕ್ಯ ಮುಗಿಯುವವರೆಗೂ 'ಮಾಡಿದರೋ ಮಾಡಲಿಲ್ಲವೋ' ಅಂತ ಗುಟ್ಟು ಇಟ್ಟುಕೊಳ್ಳಬಹುದು. ನಗಿಸುವವರಿಗೆ ಇದಕ್ಕಿಂತ ಸೌಕರ್ಯ ಬೇಕಾ?

ಇಂಗ್ಲಿಷ್ ಬೆರೆಸಬಾರದು ಅಂತಲ್ಲ. ಟಿ.ಪಿ. ಕೈಲಾಸಂ ಬೆರಕೆ ಮಾತನ್ನೇ ನಾಟಕದ ಬಂಡವಾಳ ಮಾಡಿಕೊಂಡರು, ಯಾಕೆಂದರೆ ಅವರ ಪಾತ್ರಗಳು ಹಾಗೇ ಮಾತಾಡುವವರು. ಕೇಳಬೇಕಾದ್ದು ಇಷ್ಟೇ: ಬೆರಕೆ ಪಾತ್ರದ್ದೋ, ಬರೆದವರ ಆಲಸ್ಯದ್ದೋ?

ಇನ್ನೆರಡು ಗುರುತು. ಜೋಕಿನ ಹಿಂದೆಯೇ ನಗುವ ಮುಖದ ಎಮೋಜಿ ಸಾಲು ಸಾಲು ಬಂದರೆ ಬರೆದವರಿಗೇ ನಂಬಿಕೆ ಇಲ್ಲ ಅಂತ ಅರ್ಥ. ಜೋಕು ಮುಗಿದ ಮೇಲೂ ಎರಡು ಪ್ಯಾರಾ ವಿವರಣೆ ಇದ್ದರೆ ಓದುಗರ ಮೇಲೆ ನಂಬಿಕೆ ಇಲ್ಲ.

4. ಪುಟ ಓದಿಸುತ್ತಾ?

ಇಲ್ಲಿ ಕನ್ನಡಕ್ಕೇ ವಿಶೇಷವಾದ ಕಷ್ಟಗಳಿವೆ. ಹೆಚ್ಚಿನ ಬ್ಲಾಗ್ ಅಚ್ಚುಗಳು ಇಂಗ್ಲಿಷಿಗೆ ಮಾಡಿದವು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತೆ. ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ. ಅಕ್ಷರದ ಅಳತೆಯ 1.7 ಪಟ್ಟಿಗಿಂತ ಕಡಿಮೆ ಸಾಲಿನೆತ್ತರವನ್ನು ನಾನು ಒಪ್ಪಲ್ಲ. ಎಡ ಬಲ ಎರಡೂ ಅಂಚನ್ನು ಸಮ ಮಾಡಿದರೆ, ನಮ್ಮ ಉದ್ದುದ್ದ ಪದಗಳಿಂದಾಗಿ ಮೊಬೈಲಿನಲ್ಲಿ ಸಾಲಿನ ನಡುವೆ ಹೊಂಡ ಬೀಳುತ್ತೆ. ವ್ಯಂಗ್ಯ ತೋರಿಸೋಕೆ ಇಟಾಲಿಕ್ ಬಳಸುವವರಿದ್ದಾರೆ. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಇಟಾಲಿಕ್ಕೇ ಇಲ್ಲ, ಬ್ರೌಸರು ಅಕ್ಷರವನ್ನು ಸುಮ್ಮನೆ ಓರೆ ಮಾಡುತ್ತೆ. ವ್ಯಂಗ್ಯ ವಾಕ್ಯದಲ್ಲೇ ಇರಲಿ.

ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ವ್ಯತ್ಯಾಸಕ್ಕೆ ಅಂತಾರಾಷ್ಟ್ರೀಯ ವೆಬ್ ಮಾರ್ಗಸೂಚಿ ಕನಿಷ್ಠ 4.5ಕ್ಕೆ 1ರ ಅನುಪಾತ ಕೇಳುತ್ತದೆ. ತಿಳಿಹಳದಿ ಮೇಲೆ ಬಿಳಿ ಅಕ್ಷರ ಬರೆಯುವ ಗೆಳೆಯರು ದಯವಿಟ್ಟು ಗಮನಿಸಿ. ಜೋಕನ್ನು ಚಿತ್ರದೊಳಗೆ ಮಾತ್ರ ಬರೆದರೆ, ತೆರೆಯೋದುಕ ತಂತ್ರಾಂಶ ಬಳಸುವ ದೃಷ್ಟಿದೋಷವಿರುವ ಓದುಗರಿಗೆ ಅದು ಖಾಲಿ ಗೋಡೆ. ಚಿತ್ರದ ಜೊತೆ ಯೂನಿಕೋಡ್ ಪಠ್ಯವೂ ಇರಲಿ.

ಇವೆಲ್ಲ ಬರೀ ಅಲಂಕಾರವಲ್ಲ. ಹಾಸ್ಯದಲ್ಲಿ ವಿನ್ಯಾಸ ಅಂದರೆ ಸಮಯಪ್ರಜ್ಞೆ. ವೇದಿಕೆಯಲ್ಲಿ ಹಾಸ್ಯಗಾರರು ಒಂದು ಕ್ಷಣ ಸುಮ್ಮನಿರುತ್ತಾರಲ್ಲ, ಪುಟದಲ್ಲಿ ಆ ಮೌನವೇ ಖಾಲಿ ಜಾಗ. ಅಮೆರಿಕದ ಆಲಿ ಬ್ರೋಶ್ 2009ರಲ್ಲಿ ಶುರು ಮಾಡಿದ 'ಹೈಪರ್‌ಬೋಲಿ ಅಂಡ್ ಎ ಹಾಫ್' ಬ್ಲಾಗನ್ನು ನೋಡಿ. ಮಕ್ಕಳು ಗೀಚಿದಂಥ ಚಿತ್ರ, ನಡುವೆ ಎರಡೆರಡು ಸಾಲು ಬರಹ. 2011 ಮತ್ತು 2013ರಲ್ಲಿ ಆಕೆ ತನ್ನ ಖಿನ್ನತೆಯ ಬಗ್ಗೆ ಬರೆದ ಎರಡು ಲೇಖನಗಳಲ್ಲಿ ಅದೇ ಒರಟು ಚಿತ್ರ ನಗಿಸುತ್ತಾ ನಗಿಸುತ್ತಾ ಗಂಟಲು ಕಟ್ಟಿಸುತ್ತೆ. ಅಂದವಾದ ಚಿತ್ರವಿದ್ದಿದ್ದರೆ ಅದು ಆಗುತ್ತಿರಲಿಲ್ಲ. ಹಾಗಾಗಿ 'ಚೆಂದ ಇದೆಯಾ' ಅಂತ ಕೇಳಬೇಡಿ, 'ಈ ಬರಹಕ್ಕೆ ಇದೇ ಬೇಕಿತ್ತಾ' ಅಂತ ಕೇಳಿ.

5. ಪುಟದಿಂದ ಕಿತ್ತರೂ ಜೋಕು ಜೋಕಾಗೇ ಉಳಿಯುತ್ತಾ?

ನಾನು ಫೇಲಾದ ಪರೀಕ್ಷೆ ಇದು.

ವಿಪರೀತ ನಿಲುವುಗಳನ್ನು ಅಣಕ ಮಾಡುವಾಗ ಸ್ಪಷ್ಟ ಸೂಚನೆ ಕೊಡದಿದ್ದರೆ ಯಾರೋ ಒಬ್ಬರು ಅದನ್ನು ನಿಜವೆಂದೇ ನಂಬುತ್ತಾರೆ ಅನ್ನೋ ಅರ್ಥದ ಮಾತನ್ನು ನೇಥನ್ ಪೋ ಎಂಬುವರು 2005ರಲ್ಲಿ ಹೇಳಿದರು. ಇಂಟರ್ನೆಟ್‌ನಲ್ಲಿ ಅದು 'ಪೋ ನಿಯಮ' ಅಂತಲೇ ಹೆಸರಾಗಿದೆ. ನಂಬುವವರು ದಡ್ಡರು ಅಂದುಕೊಳ್ಳಬೇಡಿ. 2012ರಲ್ಲಿ ಅಮೆರಿಕದ ಅಣಕು ಪತ್ರಿಕೆ 'ದಿ ಆನಿಯನ್' ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಅವರನ್ನು ಆ ವರ್ಷದ ಅತ್ಯಂತ ಆಕರ್ಷಕ ಗಂಡಸು ಅಂತ ಆರಿಸಿದಾಗ, ಚೀನಾದ 'ಪೀಪಲ್ಸ್ ಡೈಲಿ' ಜಾಲತಾಣ ಅದನ್ನು ನಿಜವೆಂದೇ ವರದಿ ಮಾಡಿ, ಜೊತೆಗೆ 55 ಫೋಟೋಗಳನ್ನೂ ಹಾಕಿತ್ತು. ಅಷ್ಟು ದೊಡ್ಡ ಸುದ್ದಿಮನೆಯೇ ಎಡವಿತೆಂದರೆ, ಐನೂರು ರೂಪಾಯಿ ಅಗತ್ಯವಿದ್ದ ಅಜ್ಜನ ತಪ್ಪೇನು?

ನಮ್ಮ ಕನ್ನಡ ಬ್ಲಾಗ್ ಲೋಕದ ಮೊದಮೊದಲ ದಿನಗಳ 'ಮಜಾವಾಣಿ', 'ಬೊಗಳೆ ರಗಳೆ' ಇದನ್ನು ಹೆಸರಲ್ಲೇ ಬಗೆಹರಿಸಿಕೊಂಡಿದ್ದವು. ಬೊಗಳೆ ಅಂತ ಬೋರ್ಡು ಹಾಕಿಕೊಂಡವರನ್ನು ಸುಳ್ಳು ಹೇಳಿದಿರಿ ಅಂತ ಯಾರು ಹಿಡಿಯುತ್ತಾರೆ? ಆದರೆ ಆಗ ಓದುಗರು ಪುಟಕ್ಕೇ ಬರುತ್ತಿದ್ದರು. ಈಗ ಪುಟದ ಒಂದು ಚೂರು ಓದುಗರ ಬಳಿಗೆ ಹೋಗುತ್ತೆ, ಬೋರ್ಡು ಹಿಂದೆಯೇ ಉಳಿಯುತ್ತೆ.

ಹಾಗಾಗಿ ಇವನ್ನು ನೋಡುತ್ತೇನೆ: ಬ್ಲಾಗಿನ ಹೆಸರು ಮತ್ತು 'ಅಣಕ' ಅನ್ನೋ ಪದ ಚಿತ್ರದ ಮೂಲೆಯಲ್ಲಲ್ಲ, ನಡುವೆಯೇ ಇದೆಯಾ? ಸಾಧ್ಯವೇ ಇಲ್ಲದ ವಿವರ ಮೊದಲ ಎರಡು ಸಾಲಲ್ಲೇ ಬರುತ್ತಾ? ಸರ್ಕಾರದ ಲಾಂಛನ, ನಿಜವಾದ ವಾಹಿನಿಯ ಲೋಗೋ ಬಳಸಿಲ್ಲ ತಾನೆ? ಜನ ಅರ್ಜಿ ಹಿಡಿದು ಹೊರಡುವಂಥ ಮೊತ್ತ, ದಾಖಲೆ, ಕೊನೆಯ ದಿನಾಂಕ ಇಲ್ಲ ತಾನೆ?

6. ತಪ್ಪಾದಾಗ ಏನು ಮಾಡುತ್ತಾರೆ?

ದಿನಾಂಕ ಇದೆಯಾ, ಹಳೆಯ ಬರಹ ಸಿಗುತ್ತಾ, ತಿದ್ದಿದ್ದನ್ನು ತಿದ್ದಿದ್ದೇವೆ ಅಂತ ಹೇಳುತ್ತಾರಾ, ಸಂಪರ್ಕಕ್ಕೆ ದಾರಿ ಇದೆಯಾ. ಗುಪ್ತನಾಮಕ್ಕೆ ನಾನು ಅಂಕ ಕಳೆಯಲ್ಲ. ರಾಶಿ, ಬೀಚಿ ಅನ್ನೋವೂ ಇಟ್ಟುಕೊಂಡ ಹೆಸರುಗಳೇ. ಮೇಲಾಗಿ ನಮ್ಮ ದೇಶದಲ್ಲಿ ಗುಪ್ತನಾಮಕ್ಕೆ ಕಾರಣಗಳೂ ಇವೆ.

ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ, ಮಮತಾ ಬ್ಯಾನರ್ಜಿ ಕುರಿತ ವ್ಯಂಗ್ಯಚಿತ್ರವೊಂದನ್ನು ಇಮೇಲಿನಲ್ಲಿ ಕಳಿಸಿದ್ದಕ್ಕೆ 2012ರ ಏಪ್ರಿಲ್‌ನಲ್ಲಿ ಬಂಧಿತರಾದರು. ಅದೇ ವರ್ಷ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿ ದೇಶದ್ರೋಹದ ಆರೋಪದಲ್ಲಿ ಬಂಧಿತರಾದರು. ಐಟಿ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದರೂ, ಮಹಾಪಾತ್ರ ಪ್ರಕರಣದಿಂದ ಪೂರ್ತಿ ಬಿಡುಗಡೆ ಆಗಿದ್ದು 2023ರಲ್ಲಿ. ಒಂದು ಚಿತ್ರಕ್ಕೆ ಹನ್ನೊಂದು ವರ್ಷ.

ಇಲ್ಲಿ ಒಂದು ಗೊಂದಲ ಬೇಡ. ಗುರುತು ಹಾಕಿ ಅಂತ ನಾನು ಕೇಳುತ್ತಿರುವುದು ಓದುಗರಿಗಾಗಿ, ಸರ್ಕಾರಕ್ಕಾಗಿ ಅಲ್ಲ. ತನ್ನ ಬಗೆಗಿನ ಯಾವ ಸುದ್ದಿ ಸುಳ್ಳು ಅಂತ ತಾನೇ ತೀರ್ಮಾನಿಸುವ ಘಟಕಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿತ್ತು. ಹಾಸ್ಯಗಾರ ಕುನಾಲ್ ಕಾಮ್ರಾ ಮತ್ತಿತರರು ಪ್ರಶ್ನಿಸಿದರು, ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. ಜೋಕು ಯಾವುದು ಅಂತ ಹೇಳುವ ಅಧಿಕಾರ ಜೋಕಿಗೆ ಗುರಿಯಾದವರ ಕೈಗೆ ಹೋಗಬಾರದು. ಹೋಗಬಾರದು ಅಂದರೆ ನಮ್ಮ ಮನೆಯನ್ನು ನಾವೇ ಗುಡಿಸಿಟ್ಟುಕೊಂಡಿರಬೇಕು.

ಬಳಸೋದು ಹೇಗೆ?

ಒಂದು ಬ್ಲಾಗಿನ ಮೂರು ಬರಹ ಓದಿ: ತೀರಾ ಹೊಸದು, ತೀರಾ ಹಳೆಯದು, ಅತಿ ಹೆಚ್ಚು ಹಂಚಿಕೆಯಾಗಿದ್ದು. ಕಂಪ್ಯೂಟರಲ್ಲಿ ಅಲ್ಲ, ಸಾಧಾರಣ ಫೋನಿನಲ್ಲಿ, ಬಸ್ಸಲ್ಲಿ ಕೂತು. ಒಂದು ಪ್ಯಾರಾ ಜೋರಾಗಿ ಓದಿ. ಕೊನೆಗೆ ಒಂದು ಸ್ಕ್ರೀನ್‌ಶಾಟನ್ನು ಹಿನ್ನೆಲೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ, ಮುಖ ನೋಡಿ.

ಆರಕ್ಕೂ ಅಂಕ ಕೊಟ್ಟು ಕೂಡಿಸುವ ಅಭ್ಯಾಸ ನನಗಿಲ್ಲ. ಎರಡು, ಮೂರು, ನಾಲ್ಕರಲ್ಲಿ ಸೋತರೆ ಕಲಿಯಬಹುದು, ನಾವೆಲ್ಲ ಹಾಗೇ ಕಲಿತಿದ್ದು. ಒಂದರಲ್ಲೋ ಐದರಲ್ಲೋ ಸೋತರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ "ಇದನ್ನ ತಡಿ, ಈಗಲೇ ಹಾಕಬೇಡ" ಅಂತೀನಿ. ಆರನೆಯದು ಆಮೇಲಿನ ಮಾತು, ಆದರೆ ಯಾರನ್ನು ಮತ್ತೆ ಓದಬೇಕು ಅಂತ ನಾನು ತೀರ್ಮಾನಿಸೋದು ಅದರಿಂದಲೇ.

ಆ ಸುತ್ತೋಲೆಯನ್ನು ನಾನು ಅಳಿಸಲಿಲ್ಲ. ಚಿತ್ರ ತೆಗೆದು, ಅದೇ ಪುಟದಲ್ಲಿ ಏನಾಯಿತು ಅಂತ ಬರೆದೆ. ಒಂದು ಮಾತು ಮಾತ್ರ ಅಲ್ಲಿ ಬರೆಯೋಕೆ ಆಗಿರಲಿಲ್ಲ. ಅದು ಸುಳ್ಳು ಸುದ್ದಿ, ದುಡ್ಡು ಬರಲ್ಲ ಅಂತ ಸ್ನೇಹಿತ ಹೇಳಿದಾಗ ಅಜ್ಜ ಪಹಣಿ ಮಡಚಿಕೊಂಡು ಕೇಳಿದರಂತೆ: "ಹಂಗಾರೆ ಫೋಟೋ ತೆಗ್ಸಕ್ಕಾದ್ರೂ ನಮ್ಮೂರಿಗೆ ಯಾರೂ ಬರಕಿಲ್ವಾ ಸಾಮಿ?"