ಸಿ. ಎಫ್. ಆಂಡ್ರೂಸ್

ಚಾರ್ಲ್ಸ್ ಫ್ರಿಯರ್ ಆಂಡ್ರೂಸ್ (1871-1940): ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ, ಅಧ್ಯಾಪಕ, ಲೇಖಕ; ಕಡಲಾಚೆಯ ಭಾರತೀಯ ಕೂಲಿಕಾರರ ಪರ ಹೋರಾಡಿದವರು. ದೀನಬಂಧು ಎಂದೇ ಪ್ರಸಿದ್ಧರು.

ಹುಟ್ಟಿದ್ದು 1871ರ ಫೆಬ್ರವರಿ 12ರಂದು, ನ್ಯೂಕ್ಯಾಸಲ್ ನಗರದಲ್ಲಿ. ತಂದೆ ಕ್ಯಾಥೊಲಿಕ್ ಅಪೊಸ್ಟಲಿಕ್ ಪಂಥದ ಧರ್ಮಗುರು. ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿನಲ್ಲಿ ಓದುವಾಗ ಆಂಡ್ರೂಸ್ ಆ ಪಂಥವನ್ನು ಬಿಟ್ಟು ಆಂಗ್ಲಿಕನ್ ಸಭೆಯನ್ನು ಸೇರಿದರು. ಬಂಡವಾಳಕ್ಕೂ ದುಡಿಮೆಗೂ ನಡುವಿನ ಸಂಘರ್ಷದಲ್ಲಿ ಕ್ರೈಸ್ತಧರ್ಮದ ಪಾತ್ರವೇನೆಂಬುದು ಅವರ ಬಹುಮಾನಿತ ಪ್ರಬಂಧದ ವಿಷಯ. 1897ರಲ್ಲಿ ಗುರುದೀಕ್ಷೆ ಪಡೆದು, ಲಂಡನ್ನಿನ ಬಡವರ ಬಡಾವಣೆಯಾದ ವಾಲ್ವರ್ತ್‌ನಲ್ಲಿ ಸೇವೆ ಸಲ್ಲಿಸಿದರು.

1904ರಲ್ಲಿ ಕೇಂಬ್ರಿಜ್ ಮಿಷನ್ನಿನ ಪರವಾಗಿ ದೆಹಲಿಗೆ ಬಂದು ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. 1906ರಲ್ಲಿ ಪ್ರಾಂಶುಪಾಲರ ಹುದ್ದೆ ಸುಶೀಲ್ ಕುಮಾರ್ ರುದ್ರ ಅವರಿಗೇ ಸಲ್ಲಬೇಕೆಂದು ಪಟ್ಟುಹಿಡಿದರು. ರುದ್ರ ಆ ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರಾದರು. 1912ರಲ್ಲಿ ಲಂಡನ್ನಿನಲ್ಲಿ ರವೀಂದ್ರನಾಥ ಠಾಕೂರರ ಪರಿಚಯವಾಯಿತು.

ಕಾಂಗ್ರೆಸ್ ನಾಯಕ ಗೋಖಲೆಯವರ ಕೋರಿಕೆಯಂತೆ, ಅಲ್ಲಿನ ಭಾರತೀಯರ ಪರ ಹೋರಾಡುತ್ತಿದ್ದ ಗಾಂಧಿಯವರಿಗೆ ನೆರವಾಗಲು 1914ರ ಜನವರಿಯಲ್ಲಿ ಡಬ್ಲ್ಯು. ಡಬ್ಲ್ಯು. ಪಿಯರ್ಸನ್ ಜೊತೆ ದಕ್ಷಿಣ ಆಫ್ರಿಕಕ್ಕೆ ಹೋದರು. ಡರ್ಬನ್ ಬಂದರಿನಲ್ಲಿ ಗಾಂಧಿಯವರ ಪಾದ ಮುಟ್ಟಿ ನಮಸ್ಕರಿಸಿದ್ದು ಅಲ್ಲಿನ ಬಿಳಿಯರನ್ನು ಕೆರಳಿಸಿತು. ಗಾಂಧಿಯವರಿಗೂ ದಕ್ಷಿಣ ಆಫ್ರಿಕ ಸರ್ಕಾರದ ಸಚಿವ ಸ್ಮಟ್ಸ್‌ಗೂ ನಡೆದ ಮಾತುಕತೆಗೆ ಆಂಡ್ರೂಸ್ ನೆರವಾದರು. ಅದೇ ವರ್ಷ ಆಂಗ್ಲಿಕನ್ ಸಭೆಯ ನಂಬಿಕೆಯ ಘೋಷಣೆಗಳಲ್ಲಿ ಒಂದಾದ ಅಥನೇಸಿಯಸನ ವಿಶ್ವಾಸಪ್ರಮಾಣವನ್ನು ಒಪ್ಪಲಾರದೆ ಪಾದ್ರಿಯ ಕಾರ್ಯಗಳಿಂದ ದೂರ ಸರಿದು ಠಾಕೂರರ ಶಾಂತಿನಿಕೇತನದಲ್ಲಿ ನೆಲೆಸಿದರು. ಕ್ರಿಸ್ತನಲ್ಲಿ ಅವರಿಗಿದ್ದ ಭಕ್ತಿ ಕುಂದಲಿಲ್ಲ. 1930ರ ದಶಕದಲ್ಲಿ ಪಾದ್ರಿಯ ಕಾರ್ಯವನ್ನು ಮತ್ತೆ ಕೈಗೊಂಡರು.

ಅವರ ಹೆಸರು ಹೆಚ್ಚಾಗಿ ನೆನಪಾಗುವುದು ಫಿಜಿಯ ಕಾರಣದಿಂದ. ಅಲ್ಲಿನ ಕಬ್ಬಿನ ತೋಟಗಳಿಗೆ ಭಾರತದಿಂದ ಕೂಲಿಕಾರರನ್ನು ಐದು ವರ್ಷದ ಕರಾರಿನ ಮೇಲೆ ಒಯ್ಯುತ್ತಿದ್ದರು. 'ಗಿರ್ಮಿಟ್' ಎನಿಸಿದ್ದ ಈ ಕರಾರು ಮುರಿದವರಿಗೆ ದಂಡ, ಜೈಲು. ಹೆಂಗಸರ ಸಂಖ್ಯೆ ತೀರ ಕಡಿಮೆಯಿದ್ದ ಕೂಲಿ ಲೈನುಗಳಲ್ಲಿ ಕುಟುಂಬಜೀವನ ಚೂರಾಗಿತ್ತು. ಆತ್ಮಹತ್ಯೆ, ಕೊಲೆಗಳು ಹೆಚ್ಚಿದ್ದವು. 1915ರಲ್ಲಿ ಆಂಡ್ರೂಸ್ ಪಿಯರ್ಸನ್ ಜೊತೆ ಅಲ್ಲಿಗೆ ಹೋಗಿ ಕೂಲಿಕಾರರನ್ನು ಕಂಡು, ಮರುವರ್ಷ ಪ್ರಕಟಿಸಿದ ವರದಿ ಈ ಪದ್ಧತಿಯ ವಿರುದ್ಧ ಭಾರತದಲ್ಲಿದ್ದ ಆಕ್ರೋಶವನ್ನು ಬಲಪಡಿಸಿತು. 1917ರಲ್ಲಿ ಭಾರತದಿಂದ ಕೂಲಿಕಾರರ ನೇಮಕ ನಿಂತಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದವು.

1921ರಲ್ಲಿ ಅಸ್ಸಾಮಿನ ಚಹಾ ತೋಟಗಳನ್ನು ತೊರೆದು ಬಂದ ಕಾರ್ಮಿಕರು ಚಾಂದ್‌ಪುರದಲ್ಲಿ ಕಾಲರಾಕ್ಕೆ ತುತ್ತಾದಾಗ ಅವರ ಶುಶ್ರೂಷೆಗೆ ನಿಂತರು. ಗಾಂಧಿಯವರ ವಿಚಾರಗಳನ್ನು ಪಾಶ್ಚಾತ್ಯ ಓದುಗರಿಗೆ ಪರಿಚಯಿಸುವ ಗ್ರಂಥಗಳನ್ನೂ, 1932ರಲ್ಲಿ 'ವಾಟ್ ಐ ಓ ಟು ಕ್ರೈಸ್ಟ್' ಎಂಬ ಆತ್ಮಕಥನವನ್ನೂ ಪ್ರಕಟಿಸಿದರು. 1940ರ ಏಪ್ರಿಲ್ 5ರಂದು ಕಲ್ಕತ್ತೆಯಲ್ಲಿ ನಿಧನರಾದರು. ಅವರ ಜನ್ಮಶತಮಾನೋತ್ಸವದ ನೆನಪಿಗೆ 1971ರಲ್ಲಿ ಭಾರತ ಸರ್ಕಾರ ಅಂಚೆಚೀಟಿ ಹೊರಡಿಸಿತು.